ಪದಕವೂ ಸಾಕ್ಷಿಯೂ

ಆಟದ ಪಂದ್ಯಗಳಲ್ಲಿ ಮೊದಲಿಗರಾದವರಿಗೆ ಚಿನ್ನ, ಎರಡನೆಯವರಿಗೆ ಬೆಳ್ಳಿ, ಮೂರನೆಯವರಿಗೆ ಕಂಚು ಎಂಬುದು ನೀವೆಲ್ಲರೂ ಬಲ್ಲ ಕ್ರಮ. ನಮ್ಮ ಸೇನೆಯ ಶೌರ್ಯಪದಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ಕ್ರಮವೇ ತಲೆಕೆಳಗಾದಂತೆ ತೋರುತ್ತದೆ. ಶತ್ರುವಿನ ಎದುರಿನಲ್ಲಿ ಮೆರೆದ ಪರಾಕ್ರಮಕ್ಕಾಗಿ ಭಾರತ ಸರ್ಕಾರವು ಕೊಡುವ ಪದಕಗಳಲ್ಲಿ ಅತ್ಯುನ್ನತವಾದ ಪರಮವೀರಚಕ್ರವು ಕಂಚಿನದು. ಅದಕ್ಕಿಂತ ಕೆಳಗಿನ ಮಹಾವೀರಚಕ್ರ, ವೀರಚಕ್ರಗಳೆರಡೂ ಬೆಳ್ಳಿಯವು. ಈ ಎರಡರ ನಡುವಣ ರಾಷ್ಟ್ರಲಾಂಛನಕ್ಕೆ ಕೊಟ್ಟಿರುವ ತೆಳುವಾದ ಲೇಪವನ್ನು ಬಿಟ್ಟರೆ ಚಿನ್ನಕ್ಕೆ ಇಲ್ಲಿ ಸ್ಥಳವೇ ಇಲ್ಲ. ನಾನು ಉಪಾಧ್ಯಾಯನಾಗಿದ್ದಾಗ ಗಣರಾಜ್ಯೋತ್ಸವದ ದಿನ ಈ ಸಂಗತಿಯನ್ನು ಹೇಳಿದರೆ, "ಹಾಗಾದರೆ ಅದನ್ನು ಮಾರಿದರೆ ಎಷ್ಟು ಬರುತ್ತದೆ ಸಾರ್?" ಎಂದು ಕೇಳುವ ಹುಡುಗನೊಬ್ಬ ಪ್ರತಿವರ್ಷವೂ ಇದ್ದೇ ಇರುತ್ತಿದ್ದ. ಪ್ರಶ್ನೆ ತುಂಟತನದ್ದಾದರೂ ಅಸಂಬದ್ಧವಾದುದಲ್ಲ. ಲೋಹದಲ್ಲಿ ಇಲ್ಲದಿದ್ದರೆ ಪದಕದ ಬೆಲೆ ಯಾವುದರಲ್ಲಿದೆ?

ಈ ಮೂರು ಪದಕಗಳೂ ನಮ್ಮ ದೇಶವು ಗಣರಾಜ್ಯವಾದ 1950ರ ಜನವರಿ 26ರಂದು ಸ್ಥಾಪಿತವಾದವು; ಸ್ವಾತಂತ್ರ್ಯ ಬಂದ 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಅವನ್ನು ಗೊತ್ತುಮಾಡಲಾಯಿತು. ಪರಮವೀರಚಕ್ರದ ಆಕೃತಿಯನ್ನು ರೂಪಿಸಿದವರು ಸಾವಿತ್ರಿ ಖಾನೋಲ್ಕರ್. ಯೂರೋಪಿನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿಯೊಬ್ಬರ ಕೈಹಿಡಿದು, ನಮ್ಮ ಪುರಾಣಗಳನ್ನು ನಮ್ಮಲ್ಲಿ ಅನೇಕರಿಗಿಂತ ಆಳವಾಗಿ ಅಭ್ಯಾಸಮಾಡಿದ ಮಹಿಳೆ ಅವರು. ಪದಕದ ನಡುವೆ ರಾಷ್ಟ್ರಲಾಂಛನ, ಅದರ ಸುತ್ತಲೂ ಇಂದ್ರನ ವಜ್ರಾಯುಧದ ನಾಲ್ಕು ಆಕೃತಿಗಳು. ವೃತ್ರಾಸುರನ ಸಂಹಾರಕ್ಕಾಗಿ ದಧೀಚಿ ಮುನಿಯು ತನ್ನ ಎಲುಬುಗಳನ್ನೇ ದಾನಮಾಡಿದನೆಂದೂ, ವಜ್ರಾಯುಧವು ಆ ಎಲುಬಿನಿಂದಲೇ ಆದುದೆಂದೂ ನೀವು ಕೇಳಿದ್ದೀರಿ. ಇದುವರೆಗೆ ಪರಮವೀರಚಕ್ರವನ್ನು ಪಡೆದ 21 ಮಂದಿಯಲ್ಲಿ 14 ಮಂದಿಗೆ ಅದು ಮರಣೋತ್ತರವಾಗಿ ಸಂದಿತು. ಚಿನ್ನದಲ್ಲಿ ತೂಗಲಾಗದ ವಸ್ತುವಿಗೆ ಕಂಚೇ ಸಾಕೆಂದು ತೀರ್ಮಾನಿಸಿದವರ ವಿವೇಕವನ್ನು ಮೆಚ್ಚಬೇಕು.

ಆದರೆ ನಾನು ಹೇಳಹೊರಟಿರುವುದು ಲೋಹವನ್ನು ಕುರಿತಲ್ಲ. ಪದಕದ ಜೊತೆಯಲ್ಲಿ ಬರುವ ಒಂದು ಕಾಗದವನ್ನು ಕುರಿತು. ಪ್ರತಿಯೊಂದು ಶೌರ್ಯಪದಕಕ್ಕೂ ಒಂದು ಪ್ರಶಸ್ತಿಪತ್ರವಿರುತ್ತದೆ. ಇಂಥ ದಿನ, ಇಂಥ ಸ್ಥಳದಲ್ಲಿ, ಇಂಥವರು ಇಂಥ ಕಾರ್ಯವನ್ನು ಮಾಡಿದರೆಂದು ಅದರಲ್ಲಿ ಬರೆದಿರುತ್ತದೆ. ಅದನ್ನು ಕವಿಗಳು ಬರೆಯುವುದಿಲ್ಲ. ಪಡೆಯ ಮುಖ್ಯಾಧಿಕಾರಿ ಶಿಫಾರಸು ಮಾಡುತ್ತಾರೆ; ಕಣ್ಣಾರೆ ಕಂಡವರ ಹೇಳಿಕೆಗಳನ್ನು ಕೂಡಿಸುತ್ತಾರೆ; ಮೇಲಿನ ಅಧಿಕಾರಿಗಳು ಅದನ್ನು ಒರೆಗೆ ಹಚ್ಚುತ್ತಾರೆ; ಕಡೆಗೆ ರಾಷ್ಟ್ರಪತಿಗಳ ಹೆಸರಿನಲ್ಲಿ ಅದು ಪ್ರಕಟವಾಗುತ್ತದೆ. ಎಂದಮೇಲೆ, ಪದಕಕ್ಕೆ ಎರಡು ಸಂಗತಿಗಳು ಬೇಕಾಯಿತು: ಒಬ್ಬರು ಮಾಡಿದ ಸಾಹಸ, ಇನ್ನೊಬ್ಬರು ನುಡಿದ ಸಾಕ್ಷ್ಯ. ಮೊದಲನೆಯದನ್ನು ಕುರಿತು ನಾವು ಎಷ್ಟು ಬೇಕಾದರೂ ಭಾಷಣ ಮಾಡುತ್ತೇವೆ. ಎರಡನೆಯದನ್ನು ಕುರಿತು ಯೋಚಿಸುವವರೇ ವಿರಳ.

ನೆಲದ ಮೇಲೆ ಕಾದುವ ಸೈನಿಕನ ಎಡಬಲಗಳಲ್ಲಿ ಸಂಗಡಿಗರಿರುತ್ತಾರೆ. ಅವನು ಮುನ್ನುಗ್ಗಿದುದನ್ನು ಕಂಡವರು ಯಾರಾದರೂ ಬದುಕಿ ಬಂದು ಹೇಳಬಲ್ಲರು. ಯುದ್ಧವಿಮಾನದ ಚಾಲಕನ ಸ್ಥಿತಿ ಹಾಗಲ್ಲ. ಅವನ ಪೀಠದಲ್ಲಿ ಒಬ್ಬನಿಗೆ ಮಾತ್ರ ಎಡೆ. ಗಂಟೆಗೆ ಎಂಟುನೂರು, ಸಾವಿರ ಕಿಲೋಮೀಟರ್ ವೇಗದಲ್ಲಿ ಸಾಗುವ ವಿಮಾನಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಒಂದಕ್ಕೊಂದು ಕಾಣದಾಗುತ್ತವೆ. ಜೊತೆಗಾರನಾದ ಚಾಲಕನಿಗೆ ತನ್ನ ಬೆನ್ನನ್ನು ಕಾಯುವುದೇ ಒಂದು ದೊಡ್ಡ ಕೆಲಸ. ವಿಮಾನದ ಬಂದೂಕಿಗೆ ಜೋಡಿಸಿದ ಕ್ಯಾಮೆರಾ ಗುಂಡು ಹಾರಿದಾಗ ಎದುರಿಗಿದ್ದುದನ್ನು ಚಿತ್ರಿಸಿಕೊಳ್ಳುವ ಏರ್ಪಾಡು ಹಿಂದಿನಿಂದಲೂ ಇದೆ. ಆದರೆ ವಿಮಾನವೇ ಮರಳಿ ಬಾರದಿದ್ದರೆ ಆ ಚಿತ್ರವೂ ಬಾರದು. ಬಿದ್ದ ಶತ್ರುವಿಮಾನದ ಅವಶೇಷವನ್ನು ತೋರಿಸೋಣವೆಂದರೆ ಅದು ಬಿದ್ದಿರುವುದು ಶತ್ರುವಿನ ನೆಲದಲ್ಲಿ. ಹೀಗೆ ಆಕಾಶದ ಹೋರಾಟವು ಎಷ್ಟು ವಿಸ್ತಾರವಾದ ರಂಗಭೂಮಿಯಲ್ಲಿ ನಡೆಯುತ್ತದೆಯೋ ಅಷ್ಟೇ ಏಕಾಂತವಾದುದು.

ಇದಕ್ಕೆ ನಮ್ಮ ನಾಡಿನ ವೀರರೊಬ್ಬರ ಕಥೆಗಿಂತ ಉತ್ತಮವಾದ ನಿದರ್ಶನ ಇನ್ನೊಂದು ನನಗೆ ತಿಳಿಯದು. ಅವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು, ಕೊಡಗಿನವರು. 1932ರ ಡಿಸೆಂಬರ್ 24ರಂದು ಜನಿಸಿದ ಅವರು 1954ರಲ್ಲಿ ಭಾರತೀಯ ವಾಯುಪಡೆಯನ್ನು ಸೇರಿದರು. ಭೂಸೇನೆಗೆ ಕಾರ್ಯಪ್ಪ, ತಿಮ್ಮಯ್ಯ ಮೊದಲಾದ ದಂಡನಾಯಕರನ್ನು ಕೊಟ್ಟ ನಾಡಿನಿಂದ ಬಂದ ಈ ತರುಣ ಆಯ್ದುಕೊಂಡುದು ಆಕಾಶವನ್ನು. 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧ ತೊಡಗಿದಾಗ ಅವರು ವಿಮಾನ ನಡೆಸುವುದನ್ನು ಕಲಿಸುವ ಶಾಲೆಯಲ್ಲಿ ಶಿಕ್ಷಕರಾಗಿದ್ದರು. ಶಿಕ್ಷಕರನ್ನು ರಣರಂಗಕ್ಕೆ ಕರೆಯುವಂತಹ ಸಂದರ್ಭ ಬಂದಿತು. ಪಂಜಾಬಿನ ಆದಂಪುರದಲ್ಲಿ ಬೀಡುಬಿಟ್ಟಿದ್ದ ಒಂದನೆಯ ಸ್ಕ್ವಾಡ್ರನ್ನಿಗೆ ಅವರನ್ನು ಕಳುಹಿಸಲಾಯಿತು. (ಮೇಷ್ಟರುಗಳೆಂದರೆ ಪುಸ್ತಕ ಹಿಡಿದು ಕುಳಿತಿರುವವರು ಎಂದು ಹಗುರವಾಗಿ ಮಾತನಾಡುವವರನ್ನು ಕಂಡಾಗಲೆಲ್ಲ ನನಗೆ ದೇವಯ್ಯನವರ ನೆನಪಾಗುತ್ತದೆ.)

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಠಾಣ್‌ಕೋಟೆಯ ನೆಲೆಯ ಮೇಲೆ ಎರಗಿದ್ದವು. ಮರುದಿನ ಬೆಳಗಿನ ಜಾವ, ಪಾಕಿಸ್ತಾನದ ಅತ್ಯಂತ ಬಲವಾದ ವಿಮಾನನೆಲೆಯಾದ ಸರ್ಗೋಧದ ಮೇಲೆ ದಾಳಿ ಮಾಡಬೇಕೆಂದು ಆದಂಪುರದ ಪಡೆಗೆ ಆಜ್ಞೆಯಾಯಿತು. ನಡುವಣ ಅಂತರ ಸುಮಾರು 300 ಕಿಲೋಮೀಟರ್. ವಿಮಾನಗಳು ಫ್ರಾನ್ಸಿನಲ್ಲಿ ತಯಾರಾದ ಮಿಸ್ಟೇರ್ ಎಂಬ ಜಾತಿಯವು. ಬಾಂಬುಗಳ ಭಾರವನ್ನು ಹೊತ್ತು, ಶತ್ರುವಿನ ಕಣ್ಣಿಗೆ ಬೀಳದಂತೆ ನೆಲಕ್ಕೆ ಹತ್ತಿಕೊಂಡು ಅಷ್ಟು ದೂರ ಹೋಗಿಬರಬೇಕಾದರೆ ಅವುಗಳ ಇಂಧನವು ಸರಿಸಾಟಿಯಾಗಿ ಮುಗಿಯುತ್ತಿತ್ತು. ದಾರಿಯಲ್ಲಿ ಯಾರಾದರೂ ತಡೆದು ಹೋರಾಟಕ್ಕೆ ನಿಲ್ಲಿಸಿದರೆ ಮನೆಗೆ ಮರಳಲು ಎಣ್ಣೆ ಸಾಲದು. ಈ ಲೆಕ್ಕವು ಹೊರಟವರೆಲ್ಲರಿಗೂ ತಿಳಿದಿತ್ತು.

ವಿಂಗ್ ಕಮ್ಯಾಂಡರ್ ಓಂ ಪ್ರಕಾಶ್ ತನೇಜಾ ಅವರ ನಾಯಕತ್ವದಲ್ಲಿ ಹೋಗಬೇಕಾಗಿದ್ದುದು ಹನ್ನೆರಡು ವಿಮಾನಗಳು. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಹೊರಟವರಲ್ಲಿ ಯಾರಿಗಾದರೂ ಅಡಚಣೆಯಾದರೆ ಆ ಸ್ಥಾನವನ್ನು ತುಂಬಲು ಅವರನ್ನು ಕಾಯ್ದಿರಿಸಲಾಗಿತ್ತು. ಕಬಡ್ಡಿ ಪಂದ್ಯದಲ್ಲಿ ಅಂಕಣದ ಹೊರಗೆ ಕುಳಿತ ಆಟಗಾರನಂತೆ ಅಂದಿನ ಪಟ್ಟಿಯಲ್ಲಿ ಅವರ ಸ್ಥಾನ. ಆದರೂ ಅವರು ಹೊರಟರು. ದಾಳಿಯ ಸಾಲಿನಲ್ಲಿ ಸೇರಿದರು.

ಮರಳುವಾಗ ಒಂದು ಸ್ಟಾರ್‌ಫೈಟರ್ ವಿಮಾನವು ಅವರ ಬೆನ್ನು ಹತ್ತಿತು. ಅಮೆರಿಕಾದಲ್ಲಿ ತಯಾರಾದ ಸ್ಟಾರ್‌ಫೈಟರ್ ಶಬ್ದದ ವೇಗದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್ ಸಮತಲದಲ್ಲಿ ಹಾರುವಾಗ ಶಬ್ದದ ವೇಗವನ್ನೂ ಮುಟ್ಟಲಾರದ್ದು. ಇವೆರಡರ ಸ್ಪರ್ಧೆ ಓಟದ ಕುದುರೆಗೂ ಹೊರೆ ಹೊತ್ತ ಎತ್ತಿಗೂ ನಡೆದ ಸ್ಪರ್ಧೆಯಂತೆ. ಅದನ್ನು ನಡೆಸುತ್ತಿದ್ದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರು ದೇವಯ್ಯನವರ ವಿಮಾನದ ಮೇಲೆ ಗುಂಡು ಹಾರಿಸಿದರು. ಗುಂಡುಗಳು ತಗುಲಿದವು. ಈ ವಿಮಾನ ಮುಗಿಯಿತೆಂದು ಬಗೆದು ಅವರು ಉಳಿದ ಭಾರತೀಯ ವಿಮಾನಗಳ ಕಡೆಗೆ ತಿರುಗಿದರು.

ಆ ಗಳಿಗೆಯಲ್ಲಿ ದೇವಯ್ಯನವರ ಮುಂದೆ ಎರಡು ದಾರಿಗಳಿದ್ದವೆಂದು ನನಗೆ ತೋರುತ್ತದೆ. ಗಾಯಗೊಂಡ ವಿಮಾನವನ್ನು ಹೇಗಾದರೂ ಗಡಿಯತ್ತ ಸಾಗಿಸಲು ಯತ್ನಿಸಬಹುದಾಗಿತ್ತು, ಇಲ್ಲವೇ ಪ್ಯಾರಾಚೂಟಿನಿಂದ ಇಳಿದು ಸೆರೆಯಾಳಾಗಬಹುದಾಗಿತ್ತು. ಎರಡರಲ್ಲಿ ಯಾವುದನ್ನು ಮಾಡಿದ್ದರೂ ಅವರನ್ನು ಯಾರೂ ಹಳಿಯುತ್ತಿರಲಿಲ್ಲ. ಅವರು ಮೂರನೆಯದನ್ನು ಆರಿಸಿದರು. ಪೆಟ್ಟುತಿಂದ ವಿಮಾನವನ್ನೇ ತಿರುಗಿಸಿ ಸ್ಟಾರ್‌ಫೈಟರಿನೊಡನೆ ಸೆಣಸಾಟಕ್ಕೆ ಇಳಿದರು. ನೆಲದ ಸಮೀಪದಲ್ಲಿ, ಕಡಿಮೆ ವೇಗದಲ್ಲಿ, ಬಿಗಿಯಾಗಿ ತಿರುಗುತ್ತ ಮಾಡುವ ಹೋರಾಟದಲ್ಲಿ ಆ ವೇಗದ ವಿಮಾನಕ್ಕೆ ತನ್ನ ವೇಗವೇ ಉಪಯೋಗಕ್ಕೆ ಬಾರದು. ಅದರ ಕಿರಿದಾದ ರೆಕ್ಕೆಗಳು ಅಂಥ ತಿರುಗಾಟಕ್ಕೆ ಹೊಂದಿದವಲ್ಲ. ದೇವಯ್ಯನವರ ಗುಂಡುಗಳು ಗುರಿ ಮುಟ್ಟಿದವು. ಸ್ಟಾರ್‌ಫೈಟರ್ ನೆಲಕ್ಕೆ ಬಿತ್ತು. ಅಮ್ಜದ್ ಹುಸೇನ್ ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡರು. ದೇವಯ್ಯನವರು ಮರಳಲಿಲ್ಲ. ಅವರಿಗೆ ಆಗ ಇನ್ನೂ ಮೂವತ್ತಮೂರು ತುಂಬಿರಲಿಲ್ಲ. ಅವರ ದೇಹವನ್ನು ಅಲ್ಲಿನ ಹಳ್ಳಿಗರು ಹೊಲದಲ್ಲಿ ಕಂಡು ಮಣ್ಣುಮಾಡಿದರೆಂದು ಬಹುಕಾಲದ ಮೇಲೆ ವರದಿಯಾಯಿತು.

ಈಗ ಆದಂಪುರಕ್ಕೆ ಬನ್ನಿ. ಅಲ್ಲಿದ್ದವರಿಗೆ ಮೇಲೆ ಹೇಳಿದ ಕಥೆಯಲ್ಲಿ ಒಂದಕ್ಷರವೂ ತಿಳಿಯದು. ಹೋದ ವಿಮಾನಗಳಲ್ಲಿ ಒಂದು ಬರಲಿಲ್ಲ ಎಂಬುದಷ್ಟೇ ಅವರಿಗೆ ಗೊತ್ತು. ನೆಲದಿಂದ ಹಾರಿದ ಗುಂಡಿಗೆ ಸಿಕ್ಕಿತೋ, ಎಣ್ಣೆ ತೀರಿ ಬಿದ್ದಿತೋ, ಕತ್ತಲಿನಲ್ಲಿ ದಾರಿ ತಪ್ಪಿತೋ ಹೇಳುವವರಾರು? ಸೆಣಸಾಟವನ್ನು ಕಂಡ ಭಾರತೀಯ ಒಬ್ಬನೂ ಇರಲಿಲ್ಲ. ದೇವಯ್ಯನವರ ಹೆಸರಿನ ಮುಂದೆ ಕಾಣೆಯಾದವರೆಂಬ ಷರಾ ಬಿತ್ತು. ಆ ಯುದ್ಧದಲ್ಲಿ ಸಾಹಸ ತೋರಿದ ಅನೇಕ ಚಾಲಕರಿಗೆ ವೀರಚಕ್ರ, ಮಹಾವೀರಚಕ್ರಗಳು ಸಂದವು. ಅವರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ದೇವಯ್ಯನವರ ಮನೆಗೆ ಬಂದುದು ದುಃಖದ ವಾರ್ತೆಯೊಂದೇ.

ಹದಿನಾಲ್ಕು ವರ್ಷಗಳು ಕಳೆದವು. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು 1965ರ ವಾಯುಯುದ್ಧವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಪಾಕಿಸ್ತಾನದ ಕಡೆಯಿಂದ ದೊರೆತ ವಿವರಗಳನ್ನು ಆಧರಿಸಿ, ಆ ದೇಶದ ವಾಯುಪಡೆಯ ಹಿರಿಮೆಯನ್ನು ಎತ್ತಿಹೇಳಲು ಬರೆದ ಗ್ರಂಥ ಅದು. ಅದರಲ್ಲಿ ಒಂದೆಡೆ, ಸೆಪ್ಟೆಂಬರ್ 7ರ ಬೆಳಗ್ಗೆ ಸರ್ಗೋಧದ ದಾಳಿಯ ಸಂದರ್ಭದಲ್ಲಿ ತಮ್ಮ ಸ್ಟಾರ್‌ಫೈಟರ್ ಒಂದನ್ನು ಭಾರತದ ಮಿಸ್ಟೇರ್ ವಿಮಾನವೊಂದು ಎದುರಿಸಿ ಕಾದಿದುದರ ವಿವರ ಬಂದಿತ್ತು. ಯಾವ ಚಾಲಕ ಎಂಬುದು ಬರೆದವರಿಗೆ ತಿಳಿಯದು. ಆದರೆ ಅಂದು ಪಡೆಯನ್ನು ಮುನ್ನಡೆಸಿದ್ದ ತನೇಜಾ ಅವರಿಗೆ ತಿಳಿಯಿತು. ಏಕೆಂದರೆ ಅಂದಿನ ಅವರ ಸಾಲಿನಲ್ಲಿ ಮರಳದೆ ಉಳಿದ ಮಿಸ್ಟೇರ್ ಒಂದೇ ಒಂದು. ಹೆಸರಿಲ್ಲದ ಆ ವಾಕ್ಯಕ್ಕೆ ಹೆಸರು ಸಿಕ್ಕಿತು. ಅವರು ವಾಯುಪಡೆಯ ಕೇಂದ್ರಕ್ಕೆ ವಿಷಯವನ್ನು ತಿಳಿಸಿದರು. ವಿಚಾರಣೆಯಾಯಿತು. 1988ರಲ್ಲಿ, ಅಂದರೆ ಯುದ್ಧ ಮುಗಿದು ಇಪ್ಪತ್ತಮೂರು ವರ್ಷಗಳಾದ ಮೇಲೆ, ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರಚಕ್ರವನ್ನು ಕೊಡಲಾಯಿತು. ಅದನ್ನು ಸ್ವೀಕರಿಸಿದವರು ಅವರ ಪತ್ನಿ.

ಅರ್ಧ ಬಿಳಿ, ಅರ್ಧ ಕಿತ್ತಳೆ ಬಣ್ಣದ ಪಟ್ಟಿಯಲ್ಲಿ ತೂಗುವ ಆ ಬೆಳ್ಳಿಯ ನಕ್ಷತ್ರವನ್ನು ಕೈಗೆ ತೆಗೆದುಕೊಂಡಾಗ ಆ ತಾಯಿಗೆ ಏನನ್ನಿಸಿತೋ ಊಹಿಸುವ ಅಧಿಕಾರ ನಮಗಿಲ್ಲ. ಆದರೆ ಒಂದನ್ನು ಹೇಳಬಹುದು. ಕಾಣೆಯಾದರು ಎಂಬ ಮಾತು ಬಹಳ ಕ್ರೂರವಾದ ಮಾತು. ಸತ್ತವರಿಗಾಗಿ ಅತ್ತು ಮುಗಿಸಬಹುದು. ಕಾಣೆಯಾದವರಿಗಾಗಿ ಬಾಗಿಲಿನತ್ತ ನೋಡುತ್ತಿರಬೇಕಾಗುತ್ತದೆ. ಪದಕದೊಡನೆ ಬಂದ ಕಾಗದವು ಆ ಮನೆಗೆ ಮೊದಲ ಬಾರಿಗೆ, ಅವರು ಹೇಗೆ ಹೋದರು ಎಂಬುದನ್ನು ಸರ್ಕಾರದ ಮಾತಿನಲ್ಲಿ ತಿಳಿಸಿತು. ಹಾಗಿರುವಾಗ ಹುಡುಗನ ಪ್ರಶ್ನೆಗೆ ಉತ್ತರ ಲೋಹದ ಅಂಗಡಿಯಲ್ಲಿ ಸಿಗುವುದು ಹೇಗೆ?

ಸತ್ತು ಇಪ್ಪತ್ತಮೂರು ವರ್ಷವಾದ ಮೇಲೆ ಕೊಟ್ಟ ಪದಕದಿಂದ ಯಾರಿಗೇನು ಪ್ರಯೋಜನ ಎಂದು ಕೇಳುವವರಿದ್ದಾರೆ. ಊಟ ಮುಗಿದ ಮೇಲೆ ಉಪ್ಪು ತಂದಂತಾಯಿತು ಎಂದು ನನ್ನ ಮಿತ್ರರೊಬ್ಬರು ಇದನ್ನು ಲೇವಡಿಮಾಡಿದ್ದುಂಟು. ನಾನು ಆ ಮಾತನ್ನು ಒಪ್ಪಲಾರೆ. 1965ರಲ್ಲಿ ಯಾವ ಆಧಾರವೂ ಇಲ್ಲದೆ, ಮರಳದಿದ್ದವರೆಲ್ಲರೂ ಶತ್ರುವನ್ನು ಉರುಳಿಸಿಯೇ ಮಡಿದರೆಂದು ಊಹಿಸಿ ಪದಕ ಹಂಚಿದ್ದರೆ, ಆ ಪದಕಕ್ಕೆ ಕಂಚಿನ ಬೆಲೆಯೂ ಇರುತ್ತಿರಲಿಲ್ಲ. ತಿಳಿಯದುದನ್ನು ತಿಳಿಯದೆಂದು ಬಿಟ್ಟುದು ಅಂದಿನವರ ಪ್ರಾಮಾಣಿಕತೆ. ತಿಳಿದ ಮೇಲೆ, ಮುಚ್ಚಿದ ಕಡತವನ್ನು ಮತ್ತೆ ಬಿಚ್ಚುವುದಿಲ್ಲವೆಂದು ಹಟಹಿಡಿಯದೆ ಬಿಚ್ಚಿದುದು ನಂತರದವರ ಪ್ರಾಮಾಣಿಕತೆ. ಆದರೆ ಈ ಇಪ್ಪತ್ತಮೂರು ವರ್ಷಗಳನ್ನು ಎರಡು ಭಾಗ ಮಾಡಿ ನೋಡಬೇಕು. ಮೊದಲ ಹದಿನಾಲ್ಕು ವರ್ಷಗಳು ಅಜ್ಞಾನದವು. ಅವಕ್ಕೆ ಯಾರನ್ನೂ ದೂರಲಾಗದು. ಗ್ರಂಥ ಪ್ರಕಟವಾದ ಮೇಲಿನ ಒಂಬತ್ತು ವರ್ಷಗಳಿಗೆ ಅಷ್ಟು ಸುಲಭವಾಗಿ ಸಮಾಧಾನ ಹೇಳಿಕೊಳ್ಳಲು ನನ್ನಿಂದಾಗದು. ಬದುಕಿರುವ ಅರ್ಜಿದಾರನು ಕಚೇರಿಯ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತಿ ಕೇಳಬಲ್ಲ. ಮಡಿದವನು ಕೇಳಲಾರ. ಆದುದರಿಂದ ಅವನ ಕಡತವೇ ಮೊದಲು ಮುಂದೆ ಸಾಗಬೇಕಾದುದು ನ್ಯಾಯ.

ಎಲ್ಲ ವೀರರಿಗೂ ಹೀಗೆಯೇ ತಡವಾಯಿತೆಂದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ವಾಯುಪಡೆಯನ್ನು ಸೇರಿದ್ದ ಕಲ್ಕತ್ತೆಯ ಇಂದ್ರಲಾಲ್ ರಾಯ್ ಎಂಬ ತರುಣ 1918ರ ಜುಲೈ ತಿಂಗಳಿನಲ್ಲಿ ಎರಡು ವಾರಗಳೊಳಗಾಗಿ ಹತ್ತು ವಿಜಯಗಳನ್ನು ಗಳಿಸಿ, ಅದೇ ತಿಂಗಳ 22ರಂದು ಫ್ರಾನ್ಸಿನ ಆಕಾಶದಲ್ಲಿ ಮಡಿದನು. ವಯಸ್ಸು ಹತ್ತೊಂಬತ್ತು, ನಿಮ್ಮಲ್ಲಿ ಅನೇಕರ ಅಣ್ಣಂದಿರ ವಯಸ್ಸು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನಿಗೆ ಡಿ.ಎಫ್.ಸಿ. ಎಂಬ ಪದಕ ಮರಣೋತ್ತರವಾಗಿ ಪ್ರಕಟವಾಯಿತು. ಒಂದೊಂದು ಹೋರಾಟವನ್ನೂ ಲೆಕ್ಕವಿಟ್ಟ ಪಡೆ ಅದು. ಒಬ್ಬನಿಗೆ ಎರಡು ತಿಂಗಳು, ಇನ್ನೊಬ್ಬರಿಗೆ ಇಪ್ಪತ್ತಮೂರು ವರ್ಷ. ಇವರ ಶೌರ್ಯದಲ್ಲಿ ಆ ಪ್ರಮಾಣದ ಅಂತರವಿತ್ತೆಂದು ಯಾರಾದರೂ ಹೇಳಬಲ್ಲರೇ?

ನಮ್ಮ ವಾಯುಪಡೆಯಲ್ಲಿ ಪರಮವೀರಚಕ್ರವನ್ನು ಪಡೆದವರು ಇದುವರೆಗೆ ಒಬ್ಬರೇ, ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೇಖೋ. 1971ರ ಡಿಸೆಂಬರ್ 14ರಂದು ಆರು ಸೇಬರ್ ವಿಮಾನಗಳು ಶ್ರೀನಗರದ ನೆಲೆಯ ಮೇಲೆ ಎರಗಿದಾಗ, ಓಡುದಾರಿಯ ಮೇಲೆ ಬಾಂಬುಗಳು ಸಿಡಿಯುತ್ತಿರುವಂತೆಯೇ ಅವರು ಮೇಲೇರಿದರು. ಅವರ ವಿಮಾನ ನ್ಯಾಟ್ ಜಾತಿಯದು. ಆ ಪುಟ್ಟ ವಿಮಾನಗಳನ್ನು ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದರು. ಜೊತೆಗೆ ಹೊರಟ ಇನ್ನೊಂದು ನ್ಯಾಟ್ ಹೊಗೆಮಂಜುಗಳ ನಡುವೆ ಅವರಿಂದ ಅಗಲಿತು. ಒಂಟಿಯಾಗಿಯೇ ಅವರು ಸೇಬರುಗಳನ್ನು ಅಟ್ಟಿದರು, ಗುಂಡಿಟ್ಟರು, ಕಡೆಗೆ ತಾವೇ ಗುಂಡಿಗೆ ಗುರಿಯಾಗಿ ಕಣಿವೆಯೊಂದರಲ್ಲಿ ಬಿದ್ದರು. ಅವರ ದೇಹ ಸಿಗಲಿಲ್ಲ. ಆದರೆ ಆ ಹೋರಾಟ ನಡೆದುದು ನಮ್ಮ ನೆಲೆಯ ನೆತ್ತಿಯ ಮೇಲೆ. ಕೆಳಗಿದ್ದವರು ಕಂಡರು, ರೇಡಿಯೋದಲ್ಲಿ ಅವರ ದನಿಯನ್ನು ಕೇಳಿದರು. ಎದುರು ಪಕ್ಷದ ಅಧಿಕಾರಿಗಳೂ ಮುಂದೆ ಅವರ ಕೌಶಲವನ್ನು ಹೊಗಳಿ ಬರೆದರು. ಸೇಖೋ ಅವರ ಪದಕದ ಬಗ್ಗೆ ಯಾರಿಗೂ ಎರಡು ಮಾತಿಲ್ಲ, ಇರಕೂಡದು. ನಾನು ಹೇಳುವುದಿಷ್ಟೇ: ಪರಮವೀರಚಕ್ರದವರು ಹೆಚ್ಚು, ಮಹಾವೀರಚಕ್ರದವರು ಕಡಿಮೆ, ಪದಕವಿಲ್ಲದವರು ಇನ್ನೂ ಕಡಿಮೆ ಎಂದು ನಾವು ಪರೀಕ್ಷೆಯ ಅಂಕಗಳಂತೆ ಎಣಿಸಬಾರದು. ಕಂಡದ್ದನ್ನು ಅಳೆಯುವ ಕೋಲು ಅದು. ಕಾಣದ್ದಕ್ಕೆ ಅದರಲ್ಲಿ ಗುರುತುಗಳಿಲ್ಲ.

ವೀರರನ್ನು ಮನ್ನಿಸುವ ಪದ್ಧತಿ ನಮಗೆ ಹೊಸದಲ್ಲ. ಬೇಲೂರಿನ ಸಮೀಪದ ಹಲ್ಮಿಡಿ ಶಾಸನವನ್ನು ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದೆಂದು ನೀವು ಓದಿದ್ದೀರಿ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಅರಸನೆಂಬವನಿಗೆ ಬಾಳ್ಗಳ್ಚು, ಎಂದರೆ ಕತ್ತಿ ತೊಳೆದುದರ ದತ್ತಿಯಾಗಿ ಹಳ್ಳಿಗಳನ್ನು ಕೊಟ್ಟುದನ್ನು ಆ ಶಾಸನ ಹೇಳುತ್ತದೆ. ಕ್ರಿ. ಶ. ಹತ್ತನೆಯ ಶತಮಾನದ ಆತಕೂರಿನ ಶಾಸನ ಇನ್ನೂ ಸ್ವಾರಸ್ಯವಾದುದು. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನಿಗೆ ದೊರೆ ಮೆಚ್ಚಿ ಏನು ಬೇಕೆಂದು ಕೇಳಿದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದನಂತೆ. ಆ ನಾಯಿ ಮುಂದೆ ಹಂದಿಯೊಡನೆ ಕಾದಿ ಸತ್ತಿತು. ಅದಕ್ಕೂ ಕಲ್ಲು ನಿಂತಿತು! ನಾಯಿಯ ಪರಾಕ್ರಮವನ್ನೂ ಸಾಕ್ಷ್ಯ ಸಹಿತವಾಗಿ ಕಲ್ಲಿನಲ್ಲಿ ಬರೆದಿಟ್ಟ ಜನ ನಮ್ಮವರು.

ಊರೂರಿನ ಹೊರಗೆ ನಿಂತಿರುವ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಸಾನ್ನಿಧ್ಯ. ತುರು ಕಾಯುತ್ತ ಮಡಿದವನಿಗೂ ಊರಳಿವಿನಲ್ಲಿ ಮಡಿದವನಿಗೂ ಕಲ್ಲು ನಿಲ್ಲುತ್ತಿದ್ದುದು ಊರವರೇ ಆ ಹೋರಾಟಕ್ಕೆ ಸಾಕ್ಷಿಗಳಾಗಿದ್ದುದರಿಂದ. ಬಹುಪಾಲು ಕಲ್ಲುಗಳ ಮೇಲೆ ಇಂದು ಹೆಸರೂ ಉಳಿದಿಲ್ಲ. ಉಳಿದಿರುವುದು ಒಬ್ಬನು ಇಲ್ಲಿ ಕಾದಿದನು, ಅದನ್ನು ನಾವು ಕಂಡೆವು ಎಂಬ ಒಂದು ಊರಿನ ಹೇಳಿಕೆ. ಆಧುನಿಕ ಸರ್ಕಾರದ ಪ್ರಶಸ್ತಿಪತ್ರವು ಅದೇ ಹೇಳಿಕೆಯ ಮರುಹುಟ್ಟು. ಆದರೆ ಆಕಾಶದಲ್ಲಿ ಕಾದುವವನಿಗೆ ಊರೆಲ್ಲಿದೆ? ದೇವಯ್ಯನವರಿಗೆ ಆ ಊರಾಗಿ ಒದಗಿದವರು ಎದುರಾಳಿಗಳೇ ಎಂಬುದು ಈ ಪ್ರಸಂಗದಲ್ಲಿ ನನ್ನನ್ನು ಬಹಳವಾಗಿ ಕಲಕಿದ ಸಂಗತಿ. ತಮ್ಮ ಹೆಚ್ಚಿನ ವಿಮಾನವನ್ನು ತಮಗಿಂತ ಹಿಂದುಳಿದ ವಿಮಾನವೊಂದು ಕೆಡವಿತೆಂಬುದನ್ನು ಮುಚ್ಚಿಡುವುದು ಅವರಿಗೆ ಕಷ್ಟವಾಗಿರಲಿಲ್ಲ. ಮುಚ್ಚಿಟ್ಟಿದ್ದರೆ ಕೇಳುವವರೂ ಇರಲಿಲ್ಲ. ಅದು ಹೊರಗೆ ಬಂದುದರಿಂದ ಒಬ್ಬ ವೀರನ ಹೆಸರು ಉಳಿಯಿತು. ನಾಯಕರಾಗಿದ್ದ ತನೇಜಾ ಅವರಿಗೂ ನಾವು ಋಣಿಗಳು. ಹದಿನಾಲ್ಕು ವರ್ಷಗಳ ಹಿಂದೆ ಕಳೆದುಕೊಂಡ ಸಂಗಡಿಗನ ಲೆಕ್ಕವನ್ನು ಅವರು ಮನಸ್ಸಿನಿಂದ ತೆಗೆದುಹಾಕಿರಲಿಲ್ಲ.

ಹೀಗೆ ಸಾಕ್ಷ್ಯವೇ ಪದಕದ ಜೀವವಾಗಿರುವುದರಿಂದ, ನಮ್ಮ ಶಾಲೆಗಳ ಸಮಾರಂಭಗಳಲ್ಲಿ ನಾನು ಬಹುಕಾಲ ಕಂಡ ಒಂದು ಅಭ್ಯಾಸವನ್ನು ಕುರಿತು ಎರಡು ಮಾತು ಹೇಳಲೇಬೇಕು. ಭಾಷಣ ಮಾಡುವ ವಿದ್ಯಾರ್ಥಿ ಒಂದು ವಿಮಾನವನ್ನು ಉರುಳಿಸಿದವರನ್ನು ಹತ್ತು ವಿಮಾನಗಳನ್ನು ಉರುಳಿಸಿದವರೆಂದು ಹೇಳುತ್ತಾನೆ. ಸಾಯುವಾಗ ವೀರರು ಆಡದ ಮಾತುಗಳನ್ನು ಅವರ ಬಾಯಲ್ಲಿ ಇಡುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಬರೆದುಕೊಟ್ಟವರು ಉಪಾಧ್ಯಾಯರೇ ಆಗಿರುವುದೂ ಉಂಟು. ಇದು ಗೌರವದಂತೆ ಕಂಡರೂ ಗೌರವವಲ್ಲ. ದೇವಯ್ಯನವರು ಉರುಳಿಸಿದುದು ಒಂದು ವಿಮಾನವನ್ನು. ಅದು ಕಡಿಮೆಯಾಯಿತೆಂದು ನಾವು ಸೇರಿಸಹೊರಟರೆ, ಅವರು ಮಾಡಿದುದು ನಮಗೆ ಸಾಲದೆಂದು ಹೇಳಿದಂತಾಗುವುದಿಲ್ಲವೇ? ಇಪ್ಪತ್ತಮೂರು ವರ್ಷ 'ತಿಳಿಯದು' ಎಂದು ಕಾದು, ತಿಳಿದ ಮೇಲೆ ತಿಳಿದಷ್ಟನ್ನೇ ಬರೆದ ಆ ಪ್ರಶಸ್ತಿಪತ್ರದ ಮುಂದೆ ನಮ್ಮ ಚಪ್ಪಾಳೆಯ ಭಾಷಣ ಬಹಳ ಸಣ್ಣದಾಗಿ ತೋರುತ್ತದೆ.

ಆ ಇಪ್ಪತ್ತೆರಡು ದಿನಗಳ ಯುದ್ಧದಲ್ಲಿ ಮರಳದೆ ಉಳಿದ ಚಾಲಕರು ಎರಡೂ ದೇಶಗಳಲ್ಲಿ ಇನ್ನೂ ಅನೇಕರು. ಅವರೆಲ್ಲರ ಕೊನೆಯ ನಿಮಿಷಗಳನ್ನು ಬರೆದ ಗ್ರಂಥಗಳಿಲ್ಲ. ಕೆಲವರ ಹೋರಾಟಕ್ಕೆ ಮೋಡಗಳ ಹೊರತು ಬೇರೆ ಸಾಕ್ಷಿಯಿರಲಿಲ್ಲ. ಮಡಿಕೇರಿಯಲ್ಲಿ ಒಂದು ವೃತ್ತಕ್ಕೆ ದೇವಯ್ಯನವರ ಹೆಸರನ್ನಿಟ್ಟಿದ್ದಾರೆ. ನೀವು ಕೊಡಗಿನ ಪ್ರವಾಸಕ್ಕೆ ಹೋದಾಗ ಆ ಹೆಸರನ್ನು ಓದುವಿರಿ. ಅಮ್ಜದ್ ಹುಸೇನರ ಹೆಸರು ಅಲ್ಲಿರುವುದಿಲ್ಲ. ಇರಬೇಕಾದ ಕಾರಣವೂ ಇಲ್ಲ. ಆದರೆ ಆ ಬೆಳಗಿನ ಕಥೆಯನ್ನು ತರಗತಿಯಲ್ಲಿ ಹೇಳುವ ಉಪಾಧ್ಯಾಯರು 'ಶತ್ರು' ಎಂಬ ಒಂದೇ ಮಾತಿನಲ್ಲಿ ಅವರನ್ನು ಮುಗಿಸದೆ, ಹೆಸರು ಹಿಡಿದು ಹೇಳಬೇಕೆಂದು ನಾನು ಬಯಸುತ್ತೇನೆ. ದೇವಯ್ಯನವರು ತಮ್ಮ ಪ್ರಾಣದ ಕೊನೆಯ ಕೆಲವು ನಿಮಿಷಗಳನ್ನು ಕಳೆದುದು ಅವರ ಎದುರಿನಲ್ಲಿ.